ಕೂಗಳತೆಯಾಚೆ

ಐತಾನ ಹಳೇ ಬಂದೂಕಿನಲ್ಲಿ ಗುಂಡುಗಳು
ನಳಿಗೆಯ ಕೆಳಗಿನ ಕೊಳವೆಯೊಳಗೆ ಸಾಲಾಗಿ ಮಲಗುತ್ತವೆ,
ಒಂದರ ಮೂಗು ಇನ್ನೊಂದರ ಬೆನ್ನಿಗೆ.
ಅದಕ್ಕೇ ಎಲ್ಲಕ್ಕೂ ಮೊಂಡು ಮೂಗು.
ಚೂಪಾಗಿದ್ದರೆ, ಕುಲುಕಿದಾಗ ಮುಂದಿನದರ ಕಿಡಿಗೆ ಚುಚ್ಚಿ
ಇದ್ದ ಮನೆಯನ್ನೇ ಸುಟ್ಟುಕೊಳ್ಳುವ ಜಾತಿ.
ಮೊಂಡು ಮೂಗನ್ನು ಗಾಳಿ ಬೇಗ ದಣಿಸುತ್ತದೆ;
ನೂರೈವತ್ತು ಗಜ, ಆಮೇಲೆ ಮಂಡಿಯೂರುತ್ತದೆ.

ಐತಾ ಅಂದರೆ ಅಪ್ಪ, ನಮ್ಮ ಬಾಸ್ಕ್ ನುಡಿಯಲ್ಲಿ.
ಹದಿನೆಂಟಕ್ಕೆ ಪಿರೆನೀಸ್ ಇಳಿದು ಈ ವಯೋಮಿಂಗಿಗೆ ಬಂದ,
ಮದ್ದಿನ ಹೆಸರಿಟ್ಟುಕೊಂಡ ನದಿಯ ಬಯಲಿಗೆ,
ಬೇರೆಯವರ ಕುರಿ ಕಾಯಲು.
ಅವನ ಇರ್ರಿಂಟ್ಸಿ, ಕುದುರೆ ಕೆನೆದಂತೆ ಏರಿ
ನಗುವಿನಂತೆ ಒಡೆಯುವ ಆ ಕೂಗಿಗೆ
ಎರಡು ಗುಡ್ಡದಾಚೆಯ ನಾಯಿ ತಿರುಗಿ ಬರುತ್ತಿತ್ತು.
ಬೇಟೆಗೆ ಮಾತ್ರ ಸಣ್ಣ ಕೂಗಿನ ಅಳತೆ:
"ಹೋಯ್ ಅಂದರೆ ಕಿವಿ ನಿಮಿರಿಸುವಷ್ಟು ಹತ್ತಿರವಿದ್ದರೆ ಹೊಡಿ.
ಅದರಾಚೆ ಇದ್ದರೆ ಅದಿನ್ನೂ ತನ್ನ ಪಾಡಿಗಿದೆ."

ಹೋದ ವರ್ಷ ಗಂಟಲಿಗೆ ಕತ್ತರಿ ಬಿತ್ತು.
ಈಗ ಅವನ ಕೂಗಳತೆ ಅಡುಗೆಮನೆಯ ಮೇಜಿನಗಲ.

ನಾನು ಎಡಚಿ.
ಅಂಗಡಿಯ ಬೋಲ್ಟ್ ರೈಫಲುಗಳೆಲ್ಲ ಬಲಗೈಯವರಿಗೆ ಹುಟ್ಟಿದವು.
ಲಿವರಿಗೆ ಆ ಭೇದವಿಲ್ಲ: ಕೆಳಗೆ ತೂಗುವ ಉಕ್ಕಿನ ಬಳೆ,
ಬೆರಳು ತೂರಿಸಿ ಕೆಳಕ್ಕೆ, ಮೇಲಕ್ಕೆ, ಕಟಕ್ ಕಟಕ್,
ಹಳೇ ಬಾಗಿಲ ಅಗುಳಿಯ ಸದ್ದು.
ಮೂರು ಚಳಿಗಾಲ ಹಿಮದಲ್ಲಿ ಶಾಲೆಯ ಬಸ್ಸು ಓಡಿಸಿದ ದುಡ್ಡಿಗೆ ಕೊಂಡೆ.
ಹೊಸ ಕಾಲದ್ದು. ತುಕ್ಕರಿಯದ ನಳಿಗೆ, ಮೇಲೆ ದುರ್ಬೀನು,
ಹೊಟ್ಟೆಯಲ್ಲಿ ಬಿಚ್ಚಿ ತೆಗೆಯುವ ಪೆಟ್ಟಿಗೆ.
ಅದರೊಳಗೆ ಗುಂಡುಗಳು ಒಂದರ ಮೇಲೊಂದು;
ಯಾರ ಮೂಗೂ ಯಾರ ಬೆನ್ನಿಗಿಲ್ಲ,
ಸೂಜಿಯಷ್ಟು ಚೂಪಾಗಬಹುದು.

ಐತಾ ಹೊರಳಿಸಿ ನೋಡಿದ. ಬಳೆಯನ್ನು ಎರಡು ಸಲ ಆಡಿಸಿದ.
ಸ್ಲೇಟಿನ ಮೇಲೆ ಬರೆದ:
"ಸದ್ದು ಗುರುತಿನದು. ದೂರ ಯಾರದು?"

ಅಕ್ಟೋಬರ್, ಬೆಳಿಗ್ಗೆ ಏಳೂ ಇಪ್ಪತ್ತು.
ಸೇಜ್ ಪೊದೆಗಳ ಬೂದು ಬಯಲಿನಲ್ಲಿ
ಕವಲುಗೊಂಬಿನ ಗಂಡೊಂದು ಪಕ್ಕೆ ತೋರಿ ನಿಂತಿತ್ತು.
ಮುನ್ನೂರ ನಲವತ್ತೆರಡು ಗಜ, ಅಂದಿತು ಅಳೆಯುವ ಯಂತ್ರ.
ಒಂದೂಕಾಲು ಗೇಣು ಬೀಳುತ್ತದೆ,
ಪಡುವಣ ಗಾಳಿಗೆ ನಾಲ್ಕು ಬೆರಳು ಸರಿಯುತ್ತದೆ.
ಲೆಕ್ಕ ಹಾಕಿದೆ. ಉಸಿರು ಬಿಟ್ಟೆ.

ಹೋಗಲು ಅರ್ಧ ಸೆಕೆಂಡೂ ಹಿಡಿಯಲಿಲ್ಲ.
ಆಮೇಲೆ ತಿರುಗಿ ಬಂದ ಸದ್ದು,
ಒದ್ದೆ ಕಂಬಳಿಯನ್ನು ಕಲ್ಲಿಗೆ ಬಡಿದಂತೆ.
ನಾವಿದ್ದೇವೆಂದು ಅದಕ್ಕೆ ಗೊತ್ತೇ ಆಗಲಿಲ್ಲ.
ಇದು ಹೊಗಳಿಕೆಯೋ ದೂರೋ, ನನಗೆ ಈಗಲೂ ತಿಳಿಯದು.

ಇನ್ನು ನಡೆಯಬೇಕಾದವಳು ನಾನು.
ದಿಬ್ಬದಿಂದ ಕಂಡಿದ್ದು ಒಂದು ಪೊದೆ, ಒಂದು ಬಿಳಿ ಕಲ್ಲು;
ಇಳಿದ ಕೂಡಲೇ ಸಾವಿರ ಪೊದೆ, ಸಾವಿರ ಕಲ್ಲು,
ನಡುವೆ ಒಂದು ಕೊರಕಲು, ದುರ್ಬೀನು ಹೇಳದೆ ಬಿಟ್ಟದ್ದು.
ಹತ್ತು ನಿಮಿಷ. ಇಪ್ಪತ್ತು.
ರಕ್ತವಿಲ್ಲ, ಗೊರಸಿನ ಗುರುತಿಲ್ಲ,
ಅಷ್ಟು ದೊಡ್ಡ ಸಾವು ಎಲ್ಲಿ ಹೋಯಿತು?
ತಿರುಗಿ ನೋಡಿದೆ: ದಿಬ್ಬದ ಮೇಲೆ, ಮಡಿಸುವ ಕುರ್ಚಿಯಲ್ಲಿ
ಉಗುರಿನಷ್ಟು ಐತಾ.
ಬಾಯಿ ತೆರೆದಿದ್ದನೇನೋ. ಅಲ್ಲಿಂದ ಏನು ಕೇಳೀತು!

ಆಮೇಲೆ ಕಿತ್ತಳೆ ಟೊಪ್ಪಿಗೆ ತೆಗೆದ.
ಎಡಕ್ಕೆ ಬೀಸಿದ, ಎಡಕ್ಕೆ ಹೋದೆ.
ಇನ್ನೂ ಎಡಕ್ಕೆ. ನಿಲ್ಲು. ಮುಂದೆ.
ಅಂದರೆ ಗುಂಡು ಹಾರಿದಾಗಿನಿಂದ
ಆ ಒಂದು ಪೊದೆಯ ಮೇಲಿಟ್ಟ ಕಣ್ಣು ಕೀಳದೆ ಕೂತಿದ್ದಾನೆ,
ರೆಪ್ಪೆ ಬಡಿದರೆ ಕುರಿಯೊಂದು ಕಡಿಮೆಯಾದೀತೆಂಬ ಹಳೇ ಕಸುಬು.
ಟೊಪ್ಪಿಗೆ ನೆಲಕ್ಕೆ ಹಾಕಿದ.

ನನ್ನಿಂದ ಎರಡೇ ಮಾರು.
ಮಲಗಿತ್ತು, ಕಣ್ಣು ತೆರೆದು, ಬಾಯಲ್ಲಿ ಒಂದೆಸಳು ಹುಲ್ಲು.
ಮಂಡಿಯೂರಿ ಕೊರಳ ಮೇಲೆ ಕೈಯಿಟ್ಟೆ, ಇನ್ನೂ ಬಿಸಿ.

ಚಾಕು ತೆಗೆಯುವ ಮೊದಲು ಅವನ ಕೂಗನ್ನು ಕೂಗಿದೆ.
ಅರ್ಧಕ್ಕೇ ಒಡೆಯಿತು; ನನಗದು ಎಂದೂ ಸರಿಯಾಗಿ ಬಂದದ್ದಿಲ್ಲ.
ತಲುಪಿತೋ ಇಲ್ಲವೋ ಕೇಳಲಿಲ್ಲ ನಾನು.

ಸಂಜೆ ಸ್ಲೇಟಿನಲ್ಲಿ ಇದ್ದದ್ದು ಇಷ್ಟೇ:
"ಬೆಳ್ಳುಳ್ಳಿ ಸಾಲದು. ಅಂಗಡಿ ಆರಕ್ಕೆ ಮುಚ್ಚುತ್ತದೆ."