ನೆರಳು ಒಗೆಯಲು ಹೋದ ಕರಡಿ

ಆ ಚಳಿಗಾಲ ಟಿಬಿಲಿಸಿಯಲ್ಲಿ ಕರೆಂಟು
ದೂರದ ನೆಂಟನ ಹಾಗೆ: ಹೇಳದೆ ಬರುತ್ತಿತ್ತು,
ಕೂರುವ ಮೊದಲೇ ಎದ್ದು ಹೋಗುತ್ತಿತ್ತು.

ಐವರೂ ಒಂದೇ ಕೋಣೆ ಸೇರಿದ್ದೆವು.
ಮಿಕ್ಕ ಕೋಣೆಗಳಿಗೆ ಬೀಗ ಹಾಕಿ
ಬಾಗಿಲ ಸಂದಿಗೆ ಕಂಬಳಿ ತುರುಕಿದ್ದಳು ಅಮ್ಮ.
ಸೀಮೆಎಣ್ಣೆಯ ಒಲೆ. ಎಲ್ಲರ ಕೂದಲಿಗೂ ಅದೇ ವಾಸನೆ;
ಶಾಲೆಯಲ್ಲಿ ಮೂಸಿಯೇ ಹೇಳಬಹುದಿತ್ತು
ಯಾರ ಮನೆಯಲ್ಲಿ ಎಣ್ಣೆ ಮುಗಿದಿದೆಯೆಂದು.

ಅಪ್ಪ ನುಗ್ಜಾರ್ ಸೇತುವೆಗಳ ನಕ್ಷೆ ಬರೆಯುವವನು.
ಯಾರೂ ಸೇತುವೆ ಕಟ್ಟದ ವರ್ಷ ಅದು.
ಬೆಳಗಿನ ಜಾವ ನಾಲ್ಕಕ್ಕೆ ರೊಟ್ಟಿಯ ಸಾಲಿನಲ್ಲಿ ನಿಂತು
ಅಂಗೈ ಮೇಲೆ ಪೆನ್ನಿನಲ್ಲಿ ನಂಬರು ಬರೆಸಿಕೊಳ್ಳುತ್ತಿದ್ದ.
ಸಂಜೆ ಅದೇ ಕೈಯಲ್ಲಿ ಪುಸ್ತಕ ಹಿಡಿದಾಗ
ನೂರಾ ಎಂಬತ್ತೇಳು ಮಾಸಿರುತ್ತಿತ್ತು,
ಪೂರ್ತಿ ಅಳಿಸಿರುತ್ತಿರಲಿಲ್ಲ.

ಮೇಣದಬತ್ತಿ ದಿನಕ್ಕೆ ಎರಡು ಬೆರಳು.
ಅಜ್ಜಿ ತ್ಸಿಯಾಲಾ ಚಾಕುವಿನಲ್ಲಿ ಗೆರೆ ಕೊರೆದಿಡುವಳು:
ಇಲ್ಲಿಯವರೆಗೆ ಊಟ, ಇಲ್ಲಿಯವರೆಗೆ ಕಥೆ.
ನಾವು ಹುರುಳಿಕಾಳಿನ ಸಾರನ್ನು ಸುಡುಸುಡು ನುಂಗಿ
ಊಟದ ಮೇಣವನ್ನೂ ಕಥೆಗೆ ಕದಿಯುತ್ತಿದ್ದೆವು.

ಪುಸ್ತಕಗಳು ಬೇಕಾದಷ್ಟಿದ್ದವು. ಬೇಕಾದದ್ದು ಒಂದೇ,
ರಟ್ಟು ಕಿತ್ತು, ಬೆನ್ನಿಗೆ ಗೋಣಿದಾರ ಹೊಲಿದದ್ದು:
ನೆರಳು ಕೊಳೆಯಾಯಿತೆಂದು ಕರಡಿಯೊಂದು
ಅದನ್ನು ಒಗೆಯಲು ಹೊಳೆಗೆ ಹೋಗುತ್ತದೆ.
ಉಜ್ಜುತ್ತದೆ. ಹಿಂಡುತ್ತದೆ. ಬಂಡೆಗೆ ಬಡಿಯುತ್ತದೆ.
ನೆರಳು ಜಪ್ಪಯ್ಯ ಅನ್ನುವುದಿಲ್ಲ.

ಕರಡಿಯ ಮಾತು ಬಂದರೆ ಅಪ್ಪ
ಗಂಟಲನ್ನು ನೆಲಮಾಳಿಗೆಗೆ ಇಳಿಸುವನು.
ಅಮ್ಮ ಮೀನು. ಕಥೆಯ ಮೀನಿಗೆ ಮಾತೇ ಇರಲಿಲ್ಲ,
ಹಟ ಹಿಡಿದು ಎರಡು ಮಾತು ಸೇರಿಸಿಕೊಂಡಿದ್ದಳು.
ನಾನು ನರಿ. ಹನ್ನೊಂದು ತುಂಬಿದವಳಿಗೆ ಇದೆಲ್ಲ ಏತಕ್ಕೆಂದು
ಮುಖ ಸೊಟ್ಟಗೆ ಮಾಡಿಕೊಂಡೇ
ಸರದಿಗೂ ಮುಂಚೆ ಬಾಯಿ ಹಾಕುವ ನರಿ.
ತಮ್ಮ ಗೋಚಾ ಹೊಳೆ. ಅವನದು ಜುಳುಜುಳು,
ಎಂಜಲು ಸಿಡಿಸುತ್ತ, ಹೊಳೆ ಇಲ್ಲದ ಪುಟದಲ್ಲೂ.

ಅಜ್ಜಿ ಮಾತ್ರ ಏನೂ ಆಗಲೊಲ್ಲಳು.
"ಕೇಳುವುದಕ್ಕೂ ಯಾರಾದರೂ ಬೇಕಲ್ಲ"
ಎಂದು ಕಾಲುಚೀಲ ಹೆಣೆಯುತ್ತ ಕೂರುವಳು.
ಹೆಣಿಗೆ ತಪ್ಪಿದರೆ ಕಥೆ ಅಲ್ಲಿ ಚೆನ್ನಾಗಿದೆಯೆಂದು ಅರ್ಥ.
ಆ ಚಳಿಗಾಲದ ಕಾಲುಚೀಲಗಳಲ್ಲಿ ಎಷ್ಟೊಂದು ತೂತು!

ಗೋಡೆಯಾಚೆ ಶಾಲ್ವಾ, ಹಿಂದೆ ಟ್ರಾಮು ಓಡಿಸುತ್ತಿದ್ದವನು.
ಹೆಂಡತಿ ತೀರಿದ ಮೇಲೆ ಯಾರೊಡನೆಯೂ ಮಾತಿಲ್ಲ;
ನಮ್ಮೊಡನೆ ಅದಕ್ಕೂ ಮುಂಚಿನಿಂದ,
ನೀರಿನ ಪೈಪಿನ ಜಗಳ.
ಒಂದು ರಾತ್ರಿ ಅಪ್ಪ ದನಿ ತಗ್ಗಿಸಿದ್ದೇ ತಡ
ಗೋಡೆ ಗುದ್ದಿದ. ನಾವು ಬೈಗುಳಕ್ಕೆ ಸಿದ್ಧರಾದೆವು.
"ಜೋರಾಗಿ ಓದೋ! ನರಿ ಏನಂತು?"

ಅಂದಿನಿಂದ ಅಪ್ಪ ಗೋಡೆಗೆ ಮುಖ ಮಾಡಿ ಓದಿದ.
ಬತ್ತಿ ಬೆನ್ನಿಗೆ ಬಂತು. ಕುರಿತೊಗಲ ಕೋಟಿನ ಅವನ ನೆರಳು
ಸೂರಿನವರೆಗೆ ಎದ್ದು ನಿಂತಿತು, ಎರಡು ಕಿವಿ ಸಮೇತ.
ಗೋಚಾ ಹರಿಯುವುದನ್ನು ಮರೆತ.

ಫೆಬ್ರವರಿಯ ಒಂದು ಗುರುವಾರ
ಕರಡಿ ಮೊಣಕಾಲುದ್ದ ನೀರಿಗಿಳಿದಿತ್ತು.
ಗೆರೆ ಮುಟ್ಟಲು ಇನ್ನೂ ಉಗುರಿನಷ್ಟು ಮೇಣ.
ಫಕ್ಕನೆ ಬಲ್ಬು ಹತ್ತಿತು.
"ಬೆಳಕು ಬಂತು!" ಎಂದು ಐದು ಮಹಡಿಯೂ ಕೂಗಿತು,
ಯಾರದೋ ರೇಡಿಯೋ ನಡುಹಾಡಿನಿಂದ ಹಾಡತೊಡಗಿತು,
ಇಸ್ತ್ರಿ, ಬಿಸಿನೀರು, ರಾಶಿಬಟ್ಟೆ ಎಂದು ಅಮ್ಮ ಎದ್ದೇಬಿಟ್ಟಳು.
ಗೋಚಾ ಬರಿಗೋಡೆ ನೋಡಿ
ಬಿಕ್ಕಿ ಬಿಕ್ಕಿ ಅತ್ತ: ಕರಡಿ ಎಲ್ಲಿ?

ಅಜ್ಜಿ ಹೆಣಿಗೆ ಕೆಳಗಿಟ್ಟಳು.
ಹದಿನಾರು ದಿನ ಕಾದಿದ್ದ ಬೆಳಕನ್ನು
ಒಂದೇ ಬೆರಳಿನಲ್ಲಿ ಆರಿಸಿದಳು.

ಗೋಡೆಯಾಚೆಯೂ ಟಕ್ಕೆಂದು ಸ್ವಿಚ್ಚಿನ ಸದ್ದು.

ಓಣಿಯೆಲ್ಲ ಝಗಮಗ, ಎರಡು ಮನೆ ಮಾತ್ರ ಕಪ್ಪು.
ಅಂಗಳದಿಂದ ಯಾರೋ ಕೂಗಿದರು:
"ನುಗ್ಜಾರ್! ಫ್ಯೂಸು ಹೋಯಿತೇನು? ಏಣಿ ತರಲೇ?"
ಪುಟದಿಂದ ಬೆರಳು ತೆಗೆಯದೆ
ಅಪ್ಪ ಕಿಟಕಿಗೆ ಹೋಗಿ, ಗಂಟಲನ್ನು ನೆಲಮಾಳಿಗೆಗಿಳಿಸಿ:
"ತಡಿಯಪ್ಪಾ! ನಾನಿನ್ನೂ ಹೊಳೆಯಲ್ಲಿದ್ದೇನೆ!"