ಅಂಟು

ಗುರುವಾರ, ಸಂಜೆ ನಾಲ್ಕೂವರೆಗೇ ಕತ್ತಲು.
ಗ್ರಿಮ್ಸ್‌ಬಿಯ ಪಾಳು ಐಸ್ ಕಾರ್ಖಾನೆಯ ಹಿಂದೆ
ನಮ್ಮ ವ್ಯಾನು ನಿಂತು ಬಾಗಿಲು ತೆರೆದರೆ
ಅನ್ನ-ಬೇಳೆಯ ಹಬೆ ಮೊದಲು ಇಳಿಯುತ್ತದೆ,
ಆಮೇಲೆ ನಾವು.

ಸಾಲಿನಲ್ಲಿ ಹದಿನೇಳು ಜನ. ಮಾತಿಲ್ಲ.
ಕೊನೆಗೆ ಕ್ಲಿಫರ್ಡ್ ಬ್ಲ್ಯಾನ್‌ಶರ್ಡ್,
ಐಸ್‌ಲ್ಯಾಂಡಿನ ಕಡಲಲ್ಲಿ ಎರಡು ಬೆರಳು ಬಿಟ್ಟುಬಂದವನು.
ಡಬ್ಬಿ ಇಸಕೊಂಡು ಮುಚ್ಚಳ ತೆರೆಯಲಿಲ್ಲ,
ಎತ್ತಿ ಹಿಡಿದು ತಳ ನೋಡಿದ.
"ಚೀಟಿ ಎಲ್ಲಿ?"

"ಯಾವ ಚೀಟಿ?"

"ಇರುತ್ತಲ್ಲ. ಅಪ್ಪನ ಟ್ರಾಲರ್ ಮರಳದ ವರ್ಷ
ಮಿಶನ್ನಿನವರು ಮನೆಗೆ ಬಂದರು.
ಚಹಾಪುಡಿ, ಸಕ್ಕರೆ, ನನಗೊಂದು ಜೊತೆ ಉಣ್ಣೆಯ ಕಾಲುಚೀಲ.
ಕಾಲುಚೀಲದೊಳಗೆ ಕಾಗದ:
ಇನ್ನು ಹೆಂಡ ಮುಟ್ಟುವುದಿಲ್ಲ ಎಂದು ಅಮ್ಮ ಸಹಿ ಹಾಕಬೇಕು.
ಅವಳು ಕುಡಿದವಳೇ ಅಲ್ಲ.
ಸಹಿ ಹಾಕಿದಳು.
ಅವತ್ತು ರಾತ್ರಿಯೇ ಶುರು ಮಾಡಿದಳು."

ನಗುತ್ತಾನೇನೋ ಎಂದು ನೋಡಿದೆ. ನಗಲಿಲ್ಲ.

ನಮ್ಮಜ್ಜಿಯೂ ಹಾಗೇ. ಬೆಟಗೇರಿಯ ಮಿಶನ್ ದವಾಖಾನೆಯಲ್ಲಿ
ಕಣ್ಣಿನ ಪೊರೆ ತೆಗೆಸಿಕೊಂಡು ಮಲಗಿದವಳು
ಪ್ರಾರ್ಥನೆಯ ಗಂಟೆ ಬಾರಿಸಿದರೆ
ಕಿವಿಗೆ ಅರಳೆ ತುರುಕಿಕೊಳ್ಳುತ್ತಿದ್ದಳಂತೆ.
"ಕಣ್ಣು ಕೊಟ್ಟಾರ, ಖರೇ. ನಾಳೆ ಕಿವಿ ಕೇಳ್ಯಾರು."
ಆ ಕಣ್ಣಿಂದಲೇ ಇನ್ನೂ ಇಪ್ಪತ್ತು ವರ್ಷ ಸೂಜಿ ಪೋಣಿಸಿದಳು.

ನಮ್ಮದು ಹಾಗಲ್ಲ, ದಾಸೋಹ, ಅನ್ನಬಹುದಿತ್ತು.
ಇಂಗ್ಲಿಷಿನಲ್ಲಿ ಅದು ಬಾಯಿಗೆ ಬರಲಿಲ್ಲ,
ಬಂದಿದ್ದರೂ ಅರ್ಧ ಸುಳ್ಳು.
ಮಗಳ ಜ್ವರ ಇಳಿದರೆ ಹನ್ನೊಂದು ಗುರುವಾರ ಅಂತ
ಹರಕೆ ಹೊತ್ತವಳು ನಾನು; ಇದು ಒಂಬತ್ತನೆಯದು.
ಅತ್ತ ಕಾರ್ಯದರ್ಶಿ ಜಶವಂತಭಾಯಿ
ಕೌನ್ಸಿಲಿಗೆ ಕಳಿಸಲು ಫೋಟೋ ತೆಗೆಯುತ್ತಿದ್ದರು,
"ಹಬೆ ಕಾಣಲಿ, ಒಂದು ಮುಚ್ಚಳ ತೆಗೆದಿಡಿ" ಎನ್ನುತ್ತ.
ಗುಡಿಯ ಹೊಸ ಕಟ್ಟಡದ ಅರ್ಜಿ ಅಲ್ಲಿ ಕೂತಿದೆ.

ಚೀಟಿ ಇತ್ತು.
ಪ್ರತಿ ಡಬ್ಬಿಯ ತಳಕ್ಕೂ, ಕೇಸರಿ ಬಣ್ಣದ್ದು,
ಗುರುಗಳ ಹೆಸರು, ವಿಳಾಸ, ಸತ್ಸಂಗದ ವೇಳೆ.
ಮಧ್ಯಾಹ್ನ ಅಡುಗೆಮನೆಯಲ್ಲಿ ಒಬ್ಬಳೇ ಇದ್ದಾಗ
ಒಂದೊಂದನ್ನೇ ಉಗುರಿನಿಂದ ಕೆರೆದು ಕಿತ್ತಿದ್ದೆ.
ಯಾಕೆಂದು ನನಗೂ ಹೇಳಿಕೊಂಡಿರಲಿಲ್ಲ.

ಕ್ಲಿಫರ್ಡ್ ಹೆಬ್ಬೆರಳಿನಿಂದ ತಳ ಸವರಿದ.
ನಿಂತ. ಮತ್ತೆ ಸವರಿದ.
"ಇಲ್ಲೇನೋ ಇತ್ತು."

"ಇತ್ತು," ಅಂದೆ.

"ಕಿತ್ತವರು ಯಾರು?"

ಕೈ ಚಾಚಿದೆ. ಉಗುರ ಸಂದಿಯಲ್ಲಿ ಕೇಸರಿ ಇನ್ನೂ ಇತ್ತು,
ಸಾರಿನ ಅರಿಶಿನವೆಂದುಕೊಂಡನೋ ಏನೋ.
ಬಹಳ ಹೊತ್ತು ನೋಡಿದ, ಬಲೆಗೆ ಬಿದ್ದ
ಹೆಸರು ಗೊತ್ತಿಲ್ಲದ ಮೀನನ್ನು ನೋಡುವ ಹಾಗೆ,
ತಿನ್ನುವುದೋ, ತಿರುಗಿ ನೀರಿಗೆ ಬಿಡುವುದೋ.

ಆಮೇಲೆ ಜೇಬು ತಡಕಿ ಐವತ್ತು ಪೆನ್ನಿ ತೆಗೆದು
ವ್ಯಾನಿನ ಅಂಚಿಗಿಟ್ಟ. "ಲೆಕ್ಕ ಚುಕ್ತಾ."
ಹಂಗು ಎಂಬ ಪದ ಅವರ ಭಾಷೆಯಲ್ಲಿಲ್ಲ ಅಂತ
ಇಷ್ಟು ದಿನ ತಿಳಿದಿದ್ದೆ.

ಕಾರ್ಖಾನೆಯ ಗೋಡೆಗೆ ಮುಖ ಮಾಡಿ ನಿಂತು ತಿಂದ,
ಯಾರ ಫೋಟೋಕ್ಕೂ ಸಿಗದಂತೆ.

ಆ ನಾಣ್ಯ ಹುಂಡಿಗೆ ಹಾಕಲಿಲ್ಲ ನಾನು,
ಮನೆಗೂ ಒಯ್ಯಲಿಲ್ಲ.
ವ್ಯಾನಿನ ಅಂಚಿನಲ್ಲೇ ಇದೆ, ಡಬ್ಬಿಗಳಿಂದ ಇಳಿದ ಅಂಟಿಗೆ ಸಿಕ್ಕಿ,
ಎಂಥ ತಿರುವಿನಲ್ಲೂ ಬೀಳದೆ.