ಏನೂ ಅಳಿಸದ್ದು ಯಾವುದು

ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆ ಹಿಂದೆ ನನ್ನ ಅಂಗಡಿ.
ಬಾಗಿಲು ತೆಗೆದರೆ ಹುಳುವಿನ ವಾಸನೆ,
ಮುಚ್ಚಿದರೆ ಸುಟ್ಟ ಸೀಸದ್ದು.

ಗೋಣಿತಾಟಿನಲ್ಲಿ ಸುತ್ತಿ, ಗೂಡು ತಂದ ಹಾಗೇ
ಜಬ್ಬಾರ್ ಪಾಷಾ ತಂದಿಟ್ಟರು ಸಿಪಿಯು.
"ಆನ್ ಆಗ್ತದಮ್ಮಾ, ಏಳಲ್ಲ ಅಂತದೆ.
ಎರಡು ವರ್ಷದ ಲಾಟಿನ ಲೆಕ್ಕ ಒಳಗೈತೆ."

ಹೊರಗಿನಿಂದ ಎಬ್ಬಿಸಬೇಕು. ಪೆನ್‌ಡ್ರೈವ್ ಬೇಕು.
ನನ್ನವೆರಡೂ ಚಿಂತಾಮಣಿಯ ಕಾಲೇಜಿಗೆ ಹೋದವು
ಇನ್ನೂ ತಿರುಗಿ ಬಂದಿಲ್ಲ.
ಅವರೇ ಜುಬ್ಬದ ಜೇಬಿನಿಂದ ತೆಗೆದರು:
ಎಂಟು ಜಿಬಿ, ಕೆಂಪು ದಾರ,
ಒಳಗೆ ನೂರಾ ಹನ್ನೊಂದು ಕವಾಲಿ.
ಇವು ಹಾಡದಿದ್ದರೆ ರಾತ್ರಿ ಪಾಳಿಯಲ್ಲಿ
ಬಿಸಿನೀರಿಗೆ ಕೈಯಿಟ್ಟ ಹೆಂಗಸರು ತೂಕಡಿಸುತ್ತಾರಂತೆ.
"ಯಾವ ಸಾಫ್ಟ್‌ವೇರ್ ಆದ್ರೂ ಹಾಕು.
ಏನೂ ಅಳಿಸದ್ದು ಯಾವುದೋ, ಅದು."

ಹೀಗೆ ಯಾರೂ ಕೇಳಿರಲಿಲ್ಲ.
ಬೇಗ ಯಾವುದು, ಕಾಸಿಲ್ಲದ್ದು ಯಾವುದು, ಅಷ್ಟೇ.

ರೂಫಸ್ ಚಿಕ್ಕದು, ಕೆಲಸಗಾರ. ಪ್ರಶ್ನೆ ಜಾಸ್ತಿ,
ಎಂಬಿಆರೋ ಜಿಪಿಟಿಯೋ ಅಂತ, ಹೆಣ್ಣು ನೋಡಲು ಬಂದವರು
ಗೋತ್ರ ಕೇಳಿದ ಹಾಗೆ.
ಎಚರ್ ಲಕ್ಷಣವಾಗಿದೆ, ಬರೆದದ್ದನ್ನು ತಾನೇ ಓದಿ ತಾಳೆ ನೋಡುತ್ತದೆ,
ನನ್ನ ಹಳೇ ಮಿಷಿನ್ನಿಗೆ ಭಾರ.
ಡಿಡಿ ಅಂತೊಂದಿದೆ, ಎರಡಕ್ಷರ, ಕೇಳುವುದೇ ಇಲ್ಲ.
ಒಮ್ಮೆ ನಾನು ಒಂದಕ್ಷರ ತಪ್ಪಿ
ಒಬ್ಬ ಫೋಟೋಗ್ರಾಫರನ ಇಡೀ ಲಗ್ನದ ಸೀಸನ್ನು ಹೋಯಿತು.
ಅವನ ಸ್ಟುಡಿಯೋ ಬೀದಿಯಲ್ಲಿ ಈಗಲೂ ನಾನು ನಡೆಯುವುದಿಲ್ಲ.

"ಎಲ್ಲವೂ ಅಳಿಸುತ್ತವೆ, ಪಾಷಾ ಭಾಯ್.
ಹುಳ ಬದುಕಿರುವಂತೆಯೇ ನೂಲು ಬರುತ್ತಾ?"
ಅಂದುಬಿಟ್ಟೆ. ಅನ್ನಬಾರದಿತ್ತು.
ಅವರು ತಮ್ಮ ಕೈ ನೋಡಿಕೊಂಡರು.
ಬೆರಳ ತುದಿ ಬೆಂದು ಬೆಂದು ಬೆಳ್ಳಗಾದ ಕೈ.

ವೆಂಟಾಯ್ ಆರಿಸಿದೆ.
ಇದೂ ಒರೆಸುತ್ತದೆ, ಆದರೆ ಎರಡು ಸಲ ಕೇಳಿ, ಒಂದೇ ಸಲ.
ಆಮೇಲೆ ಐಎಸ್‌ಓ ಪಕ್ಕ ಹಾಡಿಗೂ ಜಾಗ,
ಮೂವರ ಸೀಟಿನಲ್ಲಿ ಸರಿದು ಕೂತ ನಾಲ್ಕನೆಯವರಂತೆ.

ಮೊದಲು ಹಾಡು ನನ್ನ ಡಿಸ್ಕಿಗೆ ಎತ್ತಿಟ್ಟೆ.
ನಲವತ್ತೇಳನೆಯದು ಏರಲೇ ಇಲ್ಲ. ಮತ್ತೆ ಎಳೆದೆ. ಇಲ್ಲ.
"ಅದಾ? ಅದು ಅರ್ಧಕ್ಕೇ ನಿಲ್ತಿತ್ತು.
ಅಲ್ಲಿಂದ ಮುನಿರತ್ನಮ್ಮ, ಹಾಜಿರಾ ಬೀ
ತಾವೇ ಹಾಡ್ಕೊಳ್ತಾರೆ. ಒರೆಸು."

ಖಚಿತವೇ, ಕೇಳಿತು.
ಖಚಿತವೇ, ಇನ್ನೊಮ್ಮೆ.
ಎರಡನೆಯದನ್ನು ಅವರೇ ಒತ್ತಿದರು.

ಎಫ್ ಹನ್ನೆರಡು. ಫ್ಯಾನು ಕೆಮ್ಮಿ ತಿರುಗಿತು.
ಲಾಟು, ಕೇಜಿ, ದರ, ಯಾರಿಗೆ ಬಾಕಿ, ಎಲ್ಲ ಇತ್ತು,
ಅವರು ಮರೆಯಲು ನೋಡಿದ್ದ ಒಂದು ಬಾಕಿಯೂ.

ದುಡ್ಡು ಕೊಟ್ಟು, ಕೆಂಪು ದಾರ ಬೆರಳಿಗೆ ಸುತ್ತಿ ಹೋದರು.
ಆಮೇಲೆ ಹೊಳೆಯಿತು:
ಆ ಹಳೇ ಸ್ಪೀಕರು ಈ ಹೊಸ ಫಾರ್ಮ್ಯಾಟ್ ಓದುತ್ತದೋ ಇಲ್ಲವೋ.

ರಾತ್ರಿ ಶಟರ್ ಎಳೆದು ಸುತ್ತುದಾರಿ ಹಿಡಿದೆ.
ಶೆಡ್ಡಿನ ಕಿಟಕಿಯಲ್ಲಿ ಆವಿ.
ರಾಟೆಗಳ ಸದ್ದಿನ ಒಳಗೆ ಹಾಡಿತ್ತು.
ಯಂತ್ರದ್ದೋ ಅವರದೋ
ತಿಳಿಯಲೆಂದು ನಿಂತೆ. ನಾಯಿ ಬೊಗಳಿತು.